ಅಜ್ಜನ ಆಸ್ತಿ, ಅಜ್ಜನ ಸಾಲ

ವಂಶಾವಳಿ ಬರೆಯುವುದೆಂದರೆ ಹೆಸರಿಗೆ ಹೆಸರು ಕೂಡಿಸುವುದು ಎಂದುಕೊಳ್ಳುತ್ತೇವೆ. ಆದರೆ ಯಾವ ಹೆಸರಿನ ಜೊತೆ ಯಾವ ಸಂಗತಿಯನ್ನು ಉಳಿಸಿಕೊಳ್ಳಬೇಕು ಎಂಬ ಆಯ್ಕೆಯೂ ಅದರೊಳಗೆ ಇರುತ್ತದೆ. ಜರ್ಮನಿಯ ನ್ಯೂರೆಂಬರ್ಗ್ ನಗರದ ಸ್ಟ್ರೋಮರ್ ಮನೆತನದ ಬಗ್ಗೆ ಓದುವಾಗ ನನ್ನನ್ನು ಕಾಡಿದ್ದು ಈ ಆಯ್ಕೆಯೇ.

ಮಧ್ಯಯುಗದ ನ್ಯೂರೆಂಬರ್ಗನ್ನು ಆಳುತ್ತಿದ್ದದ್ದು ಕೆಲವೇ ಸಿರಿವಂತ ವರ್ತಕ ಮನೆತನಗಳು. ಪುರಭವನದ ನೃತ್ಯಕೂಟಕ್ಕೆ ಯಾವ ಮನೆತನದವರು ಬರಬಹುದು ಎಂಬುದಕ್ಕೂ 1521ರಲ್ಲಿ ಕಟ್ಟಳೆಯಾಯಿತು. ಇಂಥ ಊರಿನಲ್ಲಿ ವಂಶಾವಳಿ ಬರೀ ನೆನಪಲ್ಲ, ಹಕ್ಕುಪತ್ರ.

ಉಲ್ಮನ್ ಸ್ಟ್ರೋಮರ್ (1329–1407) ಈ ಮನೆತನದ ಹೆಸರಾಂತ ವರ್ತಕ. 1390ರಲ್ಲಿ ಊರ ಹೊರಗೆ ಪೆಗ್ನಿಟ್ಸ್ ಹೊಳೆಯ ದಡದಲ್ಲಿ ಆತ ಹೂಡಿದ ಕಾಗದದ ಗಿರಣಿ, ಜರ್ಮನ್ ನಾಡಿನಲ್ಲಿ ದಾಖಲೆಯಿರುವ ಮೊದಲನೆಯದು. ತನ್ನ ಕುಲದ ಬಗ್ಗೆ ಒಂದು ಚಿಕ್ಕ ಪುಸ್ತಕವನ್ನೂ ಬರೆದಿಟ್ಟ. ಹಿರಿಯರು, ಮದುವೆಗಳು, ಮಕ್ಕಳು, ವ್ಯಾಪಾರ ಎಲ್ಲವೂ ಅದರಲ್ಲಿವೆ. ಇಂಥ ಪೂರ್ವಜನನ್ನು ಹೇಳಿಕೊಳ್ಳಲು ಯಾರಿಗೆ ಹೆಮ್ಮೆಯಾಗದು?

ಅದೇ ಮನೆತನದಲ್ಲಿ ಉಲ್ರಿಖ್ ಸ್ಟ್ರೋಮರ್ ಎಂಬವನೂ ಇದ್ದ. 1349ರ ನವೆಂಬರಿನಲ್ಲಿ ಆತ ನಗರದ ಪರವಾಗಿ ದೊರೆ ನಾಲ್ಕನೆಯ ಕಾರ್ಲ್‌ನಿಂದ ಒಂದು ಅಪ್ಪಣೆ ಪಡೆದ. ಯೆಹೂದ್ಯರ ಮನೆಗಳನ್ನು ಕೆಡವಿ ಮಾರುಕಟ್ಟೆ ಮಾಡಬಹುದು, ಅವರ ಪ್ರಾರ್ಥನಾಮಂದಿರವಿದ್ದಲ್ಲಿ ಮೇರಿಯ ಹೆಸರಿನ ಚರ್ಚು ಕಟ್ಟಬಹುದು ಎಂಬುದು ಆ ಅಪ್ಪಣೆ. ಡಿಸೆಂಬರ್ 5ರಂದು ಕನಿಷ್ಠ 562 ಯೆಹೂದ್ಯರನ್ನು ಕೊಂದರು. ಆ ಜಾಗದಲ್ಲೇ ಇಂದಿಗೂ ಊರಿನ ದೊಡ್ಡ ಮಾರುಕಟ್ಟೆಯಿದೆ. ಕ್ರಿಸ್‌ಮಸ್ ಸಂತೆ ನಡೆಯುವುದೂ ಅಲ್ಲೇ.

ಆ ಕಾಲದ ಜರ್ಮನ್ ಯೆಹೂದ್ಯರೂ ಹೆಸರುಗಳನ್ನು ಬರೆದಿಡುತ್ತಿದ್ದರು. ಆದರೆ ಅವರ ನೆನಪಿನ ಪುಸ್ತಕಗಳಲ್ಲಿದ್ದದ್ದು ಕೊಲೆಯಾದವರ ಹೆಸರು, ಪ್ರಾರ್ಥನೆಯ ವೇಳೆ ಗಟ್ಟಿಯಾಗಿ ಓದಲಿಕ್ಕೆ. ಒಂದೇ ಊರಿನಲ್ಲಿ ಎರಡು ಬಗೆಯ ಪಟ್ಟಿ: ಒಂದರಲ್ಲಿ ವಂಶ ಬೆಳೆಯುತ್ತ ಹೋಗುತ್ತದೆ, ಇನ್ನೊಂದರಲ್ಲಿ ಇಡೀ ಮನೆಗಳೇ ಮುಗಿದುಹೋಗುತ್ತವೆ.

ಉಲ್ರಿಖ್‌ನ ಪಾಪ ಅವನ ಮೊಮ್ಮಕ್ಕಳಿಗೆ ಅಂಟುತ್ತದೆಯೇ? ಇಲ್ಲ ಎಂದೇ ನನ್ನ ನಂಬಿಕೆ. ಹುಟ್ಟುವ ಮೊದಲು ನಡೆದದ್ದಕ್ಕೆ ಯಾರೂ ತಪ್ಪಿತಸ್ಥರಲ್ಲ. ಆದರೆ ಈ ಮಾತು ಉಲ್ಮನ್‌ನ ಗಿರಣಿಗೂ ಸಲ್ಲಬೇಕಲ್ಲವೇ? ಅದನ್ನು ಕಟ್ಟಿದ್ದೂ ಮೊಮ್ಮಕ್ಕಳಲ್ಲ. ಹಿರಿಯರ ಕೀರ್ತಿ ನಮ್ಮದು, ಅವರ ಕೇಡು ಮಾತ್ರ ಅವರದು ಎನ್ನುವುದು ಅಜ್ಜನ ಜಮೀನು ಬರೆಸಿಕೊಂಡು ಅಜ್ಜನ ಸಾಲ ಗೊತ್ತೇ ಇಲ್ಲ ಎಂದಂತೆ.

ಈ ಸಾಲ ತೀರಿಸಲು ಇಂದು ಯಾರಿಂದಲೂ ಆಗದು, ಕೊಡಬೇಕಾದವರೇ ಉಳಿದಿಲ್ಲ. ಆದರೂ ಲೆಕ್ಕದ ಪುಸ್ತಕದಿಂದ ಅದನ್ನು ಅಳಿಸದೆ ಇರಬಹುದು. ಮಕ್ಕಳಿಗೆ ಗಿರಣಿಯ ಕತೆ ಹೇಳುವ ದಿನವೇ ಆ ಮಾರುಕಟ್ಟೆಯ ಕತೆಯನ್ನೂ ಹೇಳುವುದು ಕಷ್ಟ. ಹೇಳಿದರೆ ಮಾತ್ರ ವಂಶಾವಳಿ ಪೂರ್ತಿಯಾಗುತ್ತದೆ.