ಎಲ್ಲರೂ ಬರುವ ಆಸ್ಪತ್ರೆ

1992ರಲ್ಲಿ ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕನೊಬ್ಬ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಅವನನ್ನು ಸಾಗಹಾಕಿತು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಆತ ಬದುಕಿಕೊಂಡ. ಸಕಾಲದಲ್ಲಿ ಚಿಕಿತ್ಸೆ ಕೊಡದಿದ್ದರೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕನ್ನೇ ಕಿತ್ತುಕೊಂಡಂತೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಣದ ಕೊರತೆ ಹೇಳಿ ಸರ್ಕಾರ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದೂ ಸ್ಪಷ್ಟಪಡಿಸಿತು.

ಆದರೂ ಒಂದು ವಾದ ಬಲವಾಗಿಯೇ ಉಳಿದಿದೆ. ಉಳ್ಳವರು ಚಿಕಿತ್ಸೆಯನ್ನು ಕೊಂಡುಕೊಳ್ಳಲಿ, ಸರ್ಕಾರ ಇಲ್ಲದವರಿಗಷ್ಟೇ ನೆರವಾಗಲಿ ಎಂಬುದು ಆ ವಾದ. ಕೇಳಲು ನ್ಯಾಯವಾಗಿದೆ. ಆದರೆ ಚಿಕಿತ್ಸೆ ಉಳಿದ ಸರಕುಗಳಂತಲ್ಲ. ಸೀರೆ ಕೊಳ್ಳುವವರು ನಾಲ್ಕು ಅಂಗಡಿ ಹತ್ತಿಳಿದು, ಚೌಕಾಸಿ ಮಾಡಿ, ಒಪ್ಪದಿದ್ದರೆ ಎದ್ದು ಬರಬಹುದು. ಎದೆನೋವಿನಿಂದ ಬೆವರುತ್ತಿರುವವನಿಗೆ ಆ ಸ್ವಾತಂತ್ರ್ಯವಿಲ್ಲ. ತನಗೆ ಬೇಕಾದುದು ಏನೆಂಬುದನ್ನೂ ಅವನು ವೈದ್ಯರ ಬಾಯಿಂದಲೇ ಕೇಳಬೇಕು. ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಈ ಅಸಮತೋಲವನ್ನು ವಿವರಿಸಿ, ವೈದ್ಯಕೀಯದಲ್ಲಿ ಮಾರುಕಟ್ಟೆಯ ಲೆಕ್ಕಾಚಾರ ಏಕೆ ಕೈಕೊಡುತ್ತದೆಂದು ತೋರಿಸಿದ್ದರು.

ಆ ವಾದದ ದೊಡ್ಡ ದೋಷ ಬೇರೆ ಇದೆ. ಬಡವರಿಗೆಂದೇ ಮೀಸಲಾದ ಸೇವೆ ಬೇಗ ಬಡವಾಗುತ್ತದೆ. ಮಾತ್ರೆ ಮುಗಿದಿದೆ, ಹೊರಗಡೆ ತಗೊಳ್ಳಿ ಎಂದು ಚೀಟಿ ಬರೆದುಕೊಟ್ಟಾಗ, ಸ್ಕ್ಯಾನಿಂಗ್ ಯಂತ್ರ ಕೆಟ್ಟು ಕೂತಾಗ, ಬೆಂಗಳೂರಿಗೆ ಕೇಳುವಂತೆ ದನಿಯೆತ್ತಬಲ್ಲವರು ಆ ಸಾಲಿನಲ್ಲಿ ನಿಂತಿರುವುದಿಲ್ಲ. ನಿಂತವರ ದನಿಗೆ ಬೆಲೆಯಿಲ್ಲ. ಸರ್ಕಾರಕ್ಕೆ ಒಳ್ಳೆಯ ಆಸ್ಪತ್ರೆ ನಡೆಸಲು ಬರುವುದಿಲ್ಲ ಎನ್ನುವವರು ನಿಮ್ಹಾನ್ಸ್ ಮತ್ತು ಜಯದೇವ ಹೃದ್ರೋಗ ಸಂಸ್ಥೆಗಳನ್ನು ನೋಡಬೇಕು. ಅಲ್ಲಿಗೆ ಕೂಲಿಯವರೂ ಬರುತ್ತಾರೆ, ಅಧಿಕಾರಿಗಳೂ ಬರುತ್ತಾರೆ. ಎಲ್ಲ ಬಗೆಯ ಜನ ನೆಚ್ಚಿಕೊಂಡ ಸಂಸ್ಥೆಯನ್ನು ಯಾವ ಸರ್ಕಾರವೂ ಸುಲಭವಾಗಿ ಕಡೆಗಣಿಸಲಾರದು. 'ಗುಣಮಟ್ಟದ ಚಿಕಿತ್ಸೆ' ಮತ್ತು 'ಎಲ್ಲರಿಗೂ ಚಿಕಿತ್ಸೆ' ಎಂಬ ಬೇಡಿಕೆಗಳು ಎರಡಲ್ಲ. ಎರಡನೆಯದನ್ನು ಬಿಟ್ಟುಕೊಟ್ಟರೆ ಮೊದಲನೆಯದೂ ಉಳಿಯುವುದಿಲ್ಲ.

ವಿಮಾ ಕಾರ್ಡ್ ಇದೆಯಲ್ಲ ಎನ್ನಬಹುದು. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಎಷ್ಟೋ ಕುಟುಂಬಗಳನ್ನು ಶಸ್ತ್ರಚಿಕಿತ್ಸೆಯ ಸಾಲದಿಂದ ಉಳಿಸಿವೆ. ಅದು ಸಣ್ಣ ಉಪಕಾರವಲ್ಲ. ಆದರೆ ಇಂಥ ಕಾರ್ಡು ಮುಖ್ಯವಾಗಿ ಕೆಲಸಕ್ಕೆ ಬರುವುದು ಆಸ್ಪತ್ರೆಗೆ ದಾಖಲಾದ ಮೇಲೆ. ಬಿಪಿ, ಸಕ್ಕರೆ ಕಾಯಿಲೆಗಳಿಗೆ ಬೇಕಾದುದು ದಿನವೂ ತಪ್ಪದ ಮಾತ್ರೆ, ಆಗಾಗ ರಕ್ತಪರೀಕ್ಷೆ, ಹೆಸರು ಹಿಡಿದು ವಿಚಾರಿಸುವ ವೈದ್ಯರು. ಬಿಲ್ಲು ಕಟ್ಟುವ ವಿಮೆ ಹಳ್ಳಿಗೆ ವೈದ್ಯರನ್ನು ತರುವುದಿಲ್ಲ. ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು, ಸೇವೆ ಜನರ ಹತ್ತಿರವೇ ಇರಬೇಕು ಎಂದು ಆರೋಗ್ಯ ಸೇವೆ ಕುರಿತ ಭೋರ್ ಸಮಿತಿ ಹೇಳಿದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು.

ಇನ್ನು ಹಣದ ಮಾತು. ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದ್ದು 1948ರಲ್ಲಿ, ಯುದ್ಧದಿಂದ ಬಸವಳಿದು ಆಹಾರವನ್ನೂ ಪಡಿತರದಲ್ಲಿ ಹಂಚುತ್ತಿದ್ದ ಕಾಲದಲ್ಲಿ. ಥಾಯ್ಲೆಂಡ್ 2002ರಲ್ಲಿ ಎಲ್ಲರನ್ನೂ ಆರೋಗ್ಯ ರಕ್ಷಣೆಯಡಿ ತಂದಾಗ ಅದೇನೂ ಶ್ರೀಮಂತ ದೇಶವಾಗಿರಲಿಲ್ಲ. ನಮ್ಮ 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಸರ್ಕಾರಿ ವೆಚ್ಚ ಜಿಡಿಪಿಯ ಶೇ 2.5 ಮುಟ್ಟಬೇಕು ಎಂದಿತ್ತು. 2021–22ರಲ್ಲಿ ಅದು ಶೇ 1.84 ಇತ್ತು. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ನೇರವಾಗಿ ತಮ್ಮ ಜೇಬಿನಿಂದಲೇ ಕಟ್ಟಿದರು. ಅಂದರೆ ಹಣ ಈಗಲೂ ಖರ್ಚಾಗುತ್ತಿದೆ. ಆದರೆ ಮೈಯಲ್ಲಿ ಶಕ್ತಿಯಿಲ್ಲದ, ದುಡಿಮೆ ನಿಂತುಹೋದ ಹೊತ್ತಿನಲ್ಲಿ, ಒಡವೆ ಅಡವಿಟ್ಟು, ಬಡ್ಡಿಗೆ ಸಾಲ ತಂದು. ಅದನ್ನೇ ಆರೋಗ್ಯವಾಗಿರುವಾಗ, ಅವರವರ ಶಕ್ತಿಗೆ ತಕ್ಕಂತೆ, ತೆರಿಗೆಯ ಮೂಲಕ ಕೂಡಿಸಿಡುವುದು ಹೆಚ್ಚು ವಿವೇಕದ, ಹೆಚ್ಚು ಮಾನವೀಯ ದಾರಿ.

ಉಳ್ಳವರು ಸರ್ಕಾರಿ ಆಸ್ಪತ್ರೆಗೇ ಬರಬೇಕೆಂದು ಕಟ್ಟಳೆ ಮಾಡಬೇಕಿಲ್ಲ; ಬರಲು ಅವರು ಹಿಂಜರಿಯದಂಥ ಆಸ್ಪತ್ರೆ ಕಟ್ಟಿದರೆ ಸಾಕು. ತಾಲ್ಲೂಕು ಆಸ್ಪತ್ರೆಯ ಗುಣಮಟ್ಟ ಅಳೆಯಲು ಒಂದೇ ಪ್ರಶ್ನೆ ಕೇಳೋಣ: ಅಲ್ಲಿನ ಶಾಸಕರು, ತಹಶೀಲ್ದಾರರು ತಮ್ಮ ತಾಯಿಗೆ ಕಾಯಿಲೆಯಾದಾಗ ಅಲ್ಲಿಗೇ ಕರೆತರುತ್ತಾರೆಯೇ? ಹೌದು ಎನ್ನುವ ಉತ್ತರ ಬರುವವರೆಗೆ ಸರ್ಕಾರದ ಕೆಲಸ ಮುಗಿದಿಲ್ಲ. ಕೇಳುವ ನಮ್ಮ ಕೆಲಸವೂ ಮುಗಿದಿಲ್ಲ.