ಮುಖ ಕೊಟ್ಟವರಿಗೆ ಲೆಕ್ಕ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದು ಕಲ್ಲಿದೆ. 1294ರಲ್ಲಿ ಕೋಟೆ ಕಟ್ಟಿದ ವಿವರ ಅದರ ಮೇಲೆ ತೆಲುಗಿನಲ್ಲಿದೆ. ಅಲ್ಲಿಯೇ ಒಂದು ರೇಖಾಚಿತ್ರವೂ ಇದೆ: ಆ ಬಂಡೆಯನ್ನು ಗಾಡಿಯ ಮೇಲೆ ಹೇರಿ, ಕೋಣಗಳ ಉದ್ದನೆಯ ಸಾಲಿನಿಂದ ಎಳೆಸಿ ತರುತ್ತಿರುವ ದೃಶ್ಯ. ಕಟ್ಟಿಸಿದವರ ಹೆಸರು ಅಕ್ಷರದಲ್ಲಿ ಉಳಿಯಿತು, ಎಳೆದವರ ಶ್ರಮ ಚಿತ್ರದಲ್ಲಿ ಉಳಿಯಿತು. ಕೆಲಸವಾದ ಬಗೆಯನ್ನೂ ಜನರ ಮುಂದಿಡಬೇಕೆಂದು ಅಂದಿನ ಕಲ್ಲುಕುಟಿಗನಿಗೆ ಅನ್ನಿಸಿರಬೇಕು.

ಹಿರಿಯರ ಭಾವಚಿತ್ರಗಳ ಪ್ರದರ್ಶನ ಮಾಡುವ ನಾವು ಅಷ್ಟಾದರೂ ಮಾಡುತ್ತೇವೆಯೇ?

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ದುಡಿಯುವ ವಯಸ್ಸಿನ ಅನೇಕರು ಬೆಂಗಳೂರಿನಂಥ ಊರುಗಳಿಗೆ ಗುಳೆ ಹೋಗುತ್ತಾರೆ. ಕಟ್ಟೆಯ ಮೇಲೆ ಉಳಿಯುವವರು ಮುದುಕರು. ಕ್ಯಾಮೆರಾದವನಿಗೆ ಅವರು ಸುಲಭವಾಗಿ ಸಿಗುತ್ತಾರೆ. ಆದರೆ ಅವರು ಹಾಗೆ ಸಿಗುವುದಕ್ಕೆ ಅವರ ಒಂಟಿತನವೇ ಕಾರಣ ಎಂಬುದನ್ನು ಅವನು ಮರೆಯುತ್ತಾನೆ. ಅವರಿಗೆ ಗೊತ್ತಿರುವ ಫೋಟೋ ಎಂದರೆ ಬಹುಪಾಲು ರೇಷನ್ ಕಾರ್ಡಿನದು, ಪಿಂಚಣಿ ಅರ್ಜಿಯದು. ಕೂಲಿ ಮಾಡಿ ಸವೆದ ಬೆರಳನ್ನು ಯಂತ್ರ ಒಪ್ಪದಿದ್ದಾಗ, ಬದುಕಿರುವುದಕ್ಕೆ ಮುಖವನ್ನೇ ಸಾಕ್ಷಿಯಾಗಿ ತೋರಿಸಬೇಕಾದವರು ಅವರು. ಕಚೇರಿ ಆ ಮುಖವನ್ನು ದಾಖಲೆಗೆ ಕೇಳುತ್ತದೆ, ನಾವು ಅದರ ಸುಕ್ಕುಗಳಿಗಾಗಿ ಕೇಳುತ್ತೇವೆ.

ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು ಕೇಳಿದ್ದಳು: “ಎಲ್ಲಿ ಹಾಕ್ತಿ ತಮ್ಮಾ ಇದನ್ನ? ನನಗೂ ಒಂದು ಕೊಡಂಗಿದ್ರ ತಗಿ.” ಕೊಡುತ್ತೇನೆಂದು ಮಾತು ಕೊಟ್ಟೆ. ರಾಯಚೂರಿನಲ್ಲಿ ಆ ಚಿತ್ರ ಎಲ್ಲರ ಮೆಚ್ಚುಗೆ ಪಡೆಯಿತು. ಪ್ರತಿ ಹಿಡಿದು ನಾನು ಹಳ್ಳಿಗೆ ಹೋಗುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಮಗ ಚಿತ್ರವನ್ನು ಬಹಳ ಹೊತ್ತು ನೋಡಿ ಹೇಳಿದ: “ಅವ್ವ ಇದರಾಗ ಅಳೋಹಂಗ ಕಾಣ್ತಾಳ್ರೀ. ಆಕಿ ಭಾಳ ನಗತಿದ್ಲು.”

ಅವನು ಹೇಳಿದ್ದು ನಿಜ. ಅಂದು ತೆಗೆದ ಹತ್ತಾರು ಚಿತ್ರಗಳಲ್ಲಿ ಅವಳು ನಗುತ್ತಿದ್ದಳು. ‘ಗಂಭೀರವಾಗಿಲ್ಲ’ ಎಂದು ಅವನ್ನು ಬದಿಗಿಟ್ಟವನು ನಾನು. ಸುಳ್ಳು ಚಿತ್ರ ತೆಗೆದಿರಲಿಲ್ಲ, ಆದರೂ ಆರಿಸುವಾಗ ಸುಳ್ಳು ಹೇಳಿದ್ದೆ.

ಅಮೆರಿಕದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ‘ವಲಸೆ ತಾಯಿ’ಯ ಚಿತ್ರ ಲೋಕಪ್ರಸಿದ್ಧ. ಅಂದು ಆಕೆ ತೆಗೆದದ್ದು ಅದೊಂದನ್ನೇ ಅಲ್ಲ, ಜಗತ್ತು ಕಂಡದ್ದು ಹೆಚ್ಚಾಗಿ ಅದೊಂದನ್ನೇ. ಆ ತಾಯಿಯ ಹೆಸರನ್ನು ಲ್ಯಾಂಗ್ ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಜನರಿಗೆ ತಿಳಿದದ್ದು 1978ರಲ್ಲಿ. ಚಿತ್ರದಿಂದ ತನಗೆ ಏನೂ ದಕ್ಕಲಿಲ್ಲವೆಂಬ ನೋವು ಆಕೆಗಿತ್ತು.

ಪ್ರದರ್ಶನದ ಹಿಂದಿನ ಕೆಲಸವನ್ನು ಹಂಚಿಕೊಳ್ಳುವುದೆಂದರೆ ಯಾವ ಲೆನ್ಸು, ಎಂಥ ಬೆಳಕು ಎಂದು ಹೇಳಿಕೊಳ್ಳುವುದಷ್ಟೇ ಅಲ್ಲ. ಹೇಗೆ ಕೇಳಿದೆವು, ಅವರು ಏನೆಂದರು, ಯಾವುದನ್ನು ಕೈಬಿಟ್ಟೆವು, ಏಕೆ ಎಂಬುದರ ಲೆಕ್ಕ ಕೊಡುವುದು. ‘ಬೇಡ’ ಎಂದವರೂ ಆ ಲೆಕ್ಕದಲ್ಲಿರಬೇಕು. ಧರ್ಮದ ಕಾರಣಕ್ಕೆ ಚಿತ್ರ ಬೇಡವೆನ್ನುವ ಹಿರಿಯರೊಂದಿಗೆ ವಾದಿಸದೆ ಸಲಾಂ ಹೇಳಿ ಹಿಂದಿರುಗುವುದೂ ಈ ಕೆಲಸದ ಭಾಗವೇ. ಮೊದಲ ಪ್ರದರ್ಶನ ನಡೆಯಬೇಕಾದದ್ದು ಅವರ ಊರಿನ ಕಟ್ಟೆಯ ಮೇಲೆ. ಅಲ್ಲಿ “ಇದು ನಾನಲ್ಲ” ಎಂದು ಹಿರಿಯರೊಬ್ಬರು ಹೇಳಿದರೆ, ಆ ಚಿತ್ರ ನಗರಕ್ಕೆ ಬರಬಾರದು.

ನಗುವ ಚಿತ್ರವನ್ನು ಮತ್ತೆ ಅಚ್ಚು ಹಾಕಿಸಿ ಮಗನಿಗೆ ಕೊಟ್ಟು ಬಂದೆ. ಅಜ್ಜಿಗೆ ಕೊಟ್ಟ ಮಾತು ಮಾತ್ರ ಹಾಗೇ ಉಳಿದಿದೆ.