ನಾತ ಎಲ್ಲಿಂದ?

 

ಆಟಿ ತಿಂಗಳ ಮಳೆ. ಕಡಬದ ನಮ್ಮ ಮನೆಯೊಳಗೆ ಮೂರು ದಿನ ಕೆಟ್ಟ ನಾತ. ಪಕ್ಕದ ಬಾಡಿಗೆ ಮನೆಯಲ್ಲಿರುವ ಜಾರ್ಖಂಡಿನ ರಬ್ಬರ್ ಕಾರ್ಮಿಕರ ಒಣಮೀನೇ ಇರಬೇಕೆಂದು ಆ ಕಡೆಯ ಕಿಟಕಿ ಮುಚ್ಚಿದೆ. ನಾಲ್ಕನೇ ದಿನ ಹೆಂಡತಿ ಅಕ್ಕಿ ಡಬ್ಬ ಸರಿಸಿದರೆ, ಹಿಂದೆ ಎರಡು ಬಟಾಟೆ ಬಿದ್ದು ಕೊಳೆತಿವೆ. ಬಟಾಟೆ ಕೊಳೆತರೆ ಸತ್ತ ಇಲಿಯ ಹಾಗೆಯೇ ನಾರುತ್ತದೆ.

1927ರಲ್ಲಿ ಮಹಾಡ್‌ನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಕುಡಿದ ಮೇಲೆ ಸವರ್ಣೀಯರು ಸಗಣಿ, ಗೋಮೂತ್ರ, ಹಾಲು, ಮೊಸರು ಬೆರೆಸಿದ 108 ಮಡಕೆ ನೀರು ಸುರಿದು ಕೆರೆಯನ್ನು ‘ಶುದ್ಧ’ ಮಾಡಿದ್ದನ್ನು ಕೂಟದಲ್ಲಿ ನಾನೇ ಹೇಳಿದ್ದೆ. ಶಾಲೆಯಲ್ಲಿ ನನ್ನ ಬುತ್ತಿಗೆ ಮೂಗು ಮುಚ್ಚಿದವರ ಮುಖ ಇಂದಿಗೂ ನೆನಪಿದೆ.

ಭಗವಾನರು ದುಃಖದ ಕಾರಣ ಹುಡುಕಿ ಎಂದರು. ನಾನು ಹುಡುಕುವ ಮೊದಲೇ ಆರೋಪಿಯನ್ನು ಗೊತ್ತುಮಾಡಿದ್ದೆ.

ಕಿಟಕಿ ತೆರೆದೆ. ಆ ಮನೆಯ ಹುಡುಗ ಎಂದಿನಂತೆ ನಕ್ಕ, ಅವನಿಗೇನೂ ಗೊತ್ತಿಲ್ಲ.